ಯಾರೋ ಬಾಗಿಲು ತೆರೆದರು

"ಯಾರೋ ಬಾಗಿಲು ತೆರೆದರು ಫುಲ್‌ಸ್ಟಾಪ್ ಹೊಸ ಸಾಲು ಮನೆಯಲ್ಲಿಲ್ಲ ಎಂದರು ಫುಲ್‌ಸ್ಟಾಪ್ ಹೊಸ ಸಾಲು ಒಳಗೆ ನೀನು ಕೆಮ್ಮಿದೆ ಫುಲ್‌ಸ್ಟಾಪ್" ಎಂದು ಗಿಳಿರಾಯರು ಎಂದಿನಂತೆ ಒಂದೇ ಉಸಿರಿಗೆ ಓದಿಕೊಂಡು ಹೋದರು. ಮುದ್ರಣಾಲಯದ ಹಿಂಭಾಗದ ಈ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅವರು ಓದುತ್ತಿದ್ದಾರೆ, ಇವಳು ಕೇಳುತ್ತಿದ್ದಾಳೆ. ಅವರ ಕೈಯಲ್ಲಿ ಬರೆದವರ ಹಸ್ತಪ್ರತಿ, ಇವಳ ಮುಂದೆ ಅಚ್ಚಾಗಿ ಬಂದ ಪ್ರೂಫು. ಅವರು ಓದಿದ್ದಕ್ಕೂ ಅಚ್ಚಾದದ್ದಕ್ಕೂ ತಾಳೆ ಬೀಳದಿದ್ದರೆ ಇವಳು ಕೆಂಪು ಗುರುತು ಹಾಕಬೇಕು, ಅಷ್ಟೇ ಕೆಲಸ. ಕಾನೂನಿನ ಪುಸ್ತಕವಿರಲಿ, ಹೊಟ್ಟೆನೋವಿನ ಮಾತ್ರೆಯ ಚೀಟಿಯಿರಲಿ, ಪ್ರೇಮಗೀತೆಯಿರಲಿ, ರಾಯರ ದನಿ ಕೂದಲೆಳೆಯಷ್ಟೂ ಏರುವುದಿಲ್ಲ, ಇಳಿಯುವುದೂ ಇಲ್ಲ. ಅರ್ಥ ಒಳಗೆ ನುಗ್ಗಿದರೆ ತಪ್ಪು ತಪ್ಪಿಸಿಕೊಳ್ಳುತ್ತದೆ ಎಂಬುದು ಇಬ್ಬರೂ ಕಲಿತ ಮೊದಲ ಪಾಠ. ಅದಕ್ಕೇ ಆಫೀಸಿನವರು ಅವರನ್ನು ಗಿಳಿರಾಯರು ಎಂದು ಕರೆದರು, ಇವಳನ್ನು ಪ್ರೂಫಮ್ಮ ಎಂದು ಕರೆದರು. ಇಬ್ಬರೂ ಆ ಹೆಸರಿಗೇ ಓಗೊಡುತ್ತ ಮುದುಕರಾದರು. "ಅಮ್ಮಾ, ಮುಂದಕ್ಕೆ ಹೋಗ್ಲಾ?" ಎಂದು ರಾಯರು ಕೇಳಿದಾಗಲೇ ತನ್ನ ಬೆರಳು ಮೂರು ಸಾಲು ಹಿಂದೆ ನಿಂತುಬಿಟ್ಟಿರುವುದು ಅವಳಿಗೆ ತಿಳಿದದ್ದು.

ಯಾರೋ. ಯಾರೋ ಬಾಗಿಲು ತೆರೆದರಂತೆ! ಅವಳ ಕಿವಿ ಬಿಸಿಯಾಯಿತು. ಎಂಟು ತಿಂಗಳ ಹಿಂದೆ ತೀರಿಕೊಂಡ ಅವಳ ಗಂಡನ ನೆನಪಿಗೆ ಪತ್ರಿಕೆಯೊಂದು ವಿಶೇಷ ಸಂಚಿಕೆ ತರುತ್ತಿತ್ತು, ಅದು ಅಚ್ಚಾಗುವುದು ಇದೇ ಮುದ್ರಣಾಲಯದಲ್ಲಿ. ಗಂಡ ಕವಿ. ದೊಡ್ಡ ಹೆಸರೇನಲ್ಲ, ಎರಡು ತೆಳ್ಳನೆಯ ಸಂಕಲನ. ಆದರೆ ದೊಡ್ಡ ಹೆಸರಿನವರೊಬ್ಬರು ಅವರ ಜೀವದ ಗೆಳೆಯ, ಆ ದೊಡ್ಡವರು ಬರೆದ ಶೋಕಗೀತೆಯೇ ಸಂಚಿಕೆಯ ಮೊದಲ ಪುಟ. ನಿಮಗೆ ಕಷ್ಟವಾದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಸಂಪಾದಕ ಮೊದಲೇ ಹೇಳಿದ್ದ. ಬೇರೆಯವರು ತಪ್ಪು ಬಿಡುತ್ತಾರೆ ಎಂದು ಇವಳೇ ಹಟ ಹಿಡಿದು ತೆಗೆದುಕೊಂಡಿದ್ದಳು. ಸೋಮವಾರ ಇದೇ ಪದ್ಯದ ಮೊದಲ ಪ್ರೂಫನ್ನು ಒಬ್ಬಳೇ ಕೂತು ನೋಡಿದ್ದಳು. ಎರಡು ತಪ್ಪು ಹಿಡಿದಿದ್ದಳು, ತಿದ್ದಿ ಕಳಿಸಿದ್ದಳು, ಕೈ ತೊಳೆದು ಮನೆಗೆ ಹೋಗಿ ಅನ್ನ ಉಂಡಿದ್ದಳು. ಆ ಸಾಲುಗಳಲ್ಲಿ ನಿಂತಿರುವವಳು ತಾನು ಎಂದು ಗೊತ್ತೇ ಆಗಿರಲಿಲ್ಲ. ಜಗತ್ತಿನಲ್ಲಿ ಇನ್ನಾವ ಹೆಂಗಸಾದರೂ ಗಂಡನ ಮೇಲೆ ಬರೆದ ಪದ್ಯವನ್ನು ಹೀಗೆ ಓದಿರುತ್ತಾಳೆಯೇ, ದೀರ್ಘ ಸರಿಯಿದೆಯೇ, ಒತ್ತು ಸರಿಯಿದೆಯೇ ಎಂದು? ಇವತ್ತು ಎರಡನೆಯ ಪ್ರೂಫು, ಕಿವಿಗೆ ಬಿದ್ದು ಬರುವ ಪ್ರೂಫು. ಗಿಳಿರಾಯರ ಆ ಸಪ್ಪೆ ದನಿಯಲ್ಲೇ ಪದ್ಯ ಬಂದು ಕೆನ್ನೆಗೆ ಬಾರಿಸಿದಂತಾಯಿತು.

ಇಪ್ಪತ್ತನಾಲ್ಕು ವರ್ಷ ಆ ಮನುಷ್ಯನಿಗೆ ಬಾಗಿಲು ತೆಗೆದಿದ್ದಳು. ವಾರಕ್ಕೆರಡು ಸಲ ಎಂದು ಹಿಡಿದರೂ ಎಷ್ಟಾಯಿತು. ಬೆಲ್ಲು ಒತ್ತುತ್ತಿರಲಿಲ್ಲ, ಕೋಲಿನ ತುದಿಯಿಂದ ಬಾಗಿಲಿಗೆ ಎರಡು ಸಲ ಕುಟ್ಟುತ್ತಿದ್ದರು. ಇವಳು ತೆಗೆದರೆ "ಇದಾನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಪಕ್ಕದಿಂದ ನುಸುಳಿ ಒಳಗೆ ಹೋಗುತ್ತಿದ್ದರು. ಆಮೇಲೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಳಗಿನಿಂದ ಗಂಡನ ನಗು ಕೇಳಿಸುತ್ತಿತ್ತು. ಅವಳ ಜೊತೆ ಎಂದೂ ನಗದ ನಗು ಅದು, ಹೊಟ್ಟೆಯಿಂದ ಎದ್ದು ಬರುವಂಥದ್ದು, ನಡುವೆ ಕೆಮ್ಮು. ಅವಳು ಟೀ ತೆಗೆದುಕೊಂಡು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು, ಲೋಟ ಇಟ್ಟು ಹೊರಗೆ ಬಂದರೆ ಮತ್ತೆ ಶುರುವಾಗುತ್ತಿತ್ತು. ಒಮ್ಮೆ ದೊಡ್ಡವರ ಸಮಗ್ರ ಕಾವ್ಯದ ಪ್ರೂಫು ಇವಳ ಕೈಗೇ ಬಂದಿತ್ತು. ನೂರಾ ಹನ್ನೆರಡನೆಯ ಪುಟದಲ್ಲಿ ಒಂದು ಇಡೀ ಪದ್ಯದ ನಡುಭಾಗ ಬಿಟ್ಟುಹೋಗಿ ಬೇರೆ ಪದ್ಯದ ಬಾಲ ಬಂದು ಅಂಟಿಕೊಂಡಿತ್ತು, ಬರೆದ ಪುಣ್ಯಾತ್ಮರೇ ಗಮನಿಸಿರಲಿಲ್ಲ. ಇವಳು ಹಿಡಿದಳು. ಮನೆಗೆ ಬಂದು ಗಂಡನಿಗೆ ಹೇಳಿದಳು, ಗಂಡ ಗೆಳೆಯನಿಗೆ ಹೇಳಿದರು. ಪುಸ್ತಕ ಬಿಡುಗಡೆಯ ದಿನ ದೊಡ್ಡವರು ಮೈಕಿನ ಮುಂದೆ ನಿಂತು, "ನನ್ನ ಗೆಳೆಯನದು ಹದ್ದಿನ ಕಣ್ಣು, ಅವನಿಲ್ಲದಿದ್ದರೆ ಇವತ್ತು ನನ್ನ ಮಾನ ಹೋಗ್ತಿತ್ತು" ಎಂದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಗಂಡ ಎದ್ದು ನಿಂತು ಕೈ ಮುಗಿದರು. ಅವಳು ಆರನೆಯ ಸಾಲಿನಲ್ಲಿ ಕೂತು ತಾನೂ ಚಪ್ಪಾಳೆ ತಟ್ಟಿದಳು. ಅಂಗೈ ಉರಿಯುವವರೆಗೆ ತಟ್ಟಿದ್ದು ನೆನಪಿದೆ. ಮನೆಗೆ ಬರುವಾಗ ಗಂಡ, "ಅಲ್ಲಿ ಹೇಗೆ ತಿದ್ದೋದು, ಸಭೆ ಅಲ್ವಾ" ಎಂದರು. ತಿದ್ದುವುದು ಅವಳ ಕಸುಬು, ಆದರೂ ಅವಳು ಏನೂ ತಿದ್ದಲಿಲ್ಲ.

"ಅಮ್ಮಾ, ನೋಡಿದ್ರಾ ಪದ್ಯನಾ? ಮೈ ಜುಂ ಅನ್ನಲ್ವಾ?" ಸಂಪಾದಕ ಬಾಗಿಲಲ್ಲಿ ನಿಂತಿದ್ದ. ಮೂವತ್ತೈದರ ಆಸುಪಾಸಿನವನು, ಒಳ್ಳೆಯವನೇ, ಆದರೆ ಒಂದು ಪದ್ಯ ಸಿಕ್ಕರೆ ಅದರ ಚರ್ಮ ಸುಲಿಯದೆ ಬಿಡುವವನಲ್ಲ. ಸಂಜೆ ಐದಕ್ಕೆ ಮೊದಲ ಪುಟ ಮೆಷಿನ್ನಿಗೆ ಹೋಗಬೇಕು ಎಂದು ನೆನಪಿಸಲು ಬಂದಿದ್ದ. ಅದನ್ನು ಹೇಳಿ ಸುಮ್ಮನೆ ಹೋಗಿದ್ದರೆ ಚೆನ್ನಾಗಿತ್ತು. "ಆ ‘ಯಾರೋ’ ಇದೆಯಲ್ಲ, ಇಡೀ ಪದ್ಯದ ಜೀವ ಇರೋದೇ ಅಲ್ಲಿ. ಯಾರು ಅದು, ಹೇಳಿ ನೋಡೋಣ?"

"ನಂಗೇನು ಗೊತ್ತಪ್ಪ."

"ಸಾವು ಅಮ್ಮಾ, ಸಾವು! ಬಾಗಿಲು ತೆಗೆಯೋದು ಸಾವು. ಮನೆ ಅಂದ್ರೆ ದೇಹ. ‘ಮನೆಯಲ್ಲಿಲ್ಲ’ ಅಂತ ಸಾವು ಹೇಳ್ತಿದೆ, ಅಂದ್ರೆ ಜೀವ ಆಗ್ಲೇ ಹೊರಟಿದೆ. ಆದ್ರೂ ಒಳಗಿಂದ ಕೆಮ್ಮು ಬರುತ್ತೆ! ಅದು ಕವಿತೆ. ಕವಿ ಸತ್ರೂ ಕವಿತೆ ಕೆಮ್ತಾನೇ ಇರುತ್ತೆ. ಆಹಾ."

"ಯಾರೋ ಒಬ್ಬ ಮನುಷ್ಯರೇ ಬಾಗಿಲು ತೆಗೆದಿರಬಹುದಲ್ವಾ? ಮನೆ ಅಂದ್ಮೇಲೆ ಜನ ಇರ್ತಾರೆ."

"ಛೆ ಛೆ," ಸಂಪಾದಕ ನಕ್ಕ, ಪಾಪ ಎಂಬಂತೆ. "ಅಷ್ಟು ಸಣ್ಣ ಕವಿ ಅಲ್ಲಮ್ಮ ಅವರು."

ಅವನು ಹೋದ ಮೇಲೆ ಗಿಳಿರಾಯರು ಹಸ್ತಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ನೋಡಿದರು. ಅವಳ ಹಲ್ಲು ಕಚ್ಚಿಕೊಂಡಿದ್ದವು. ಸರಿಯಪ್ಪ, ಬಾಗಿಲು ತೆಗೆದದ್ದು ಸಾವು. ಹಾಗಾದರೆ ಟೀ ಮಾಡಿ ತಂದದ್ದು ಯಾರು, ಸಾವಿನ ತಂಗಿಯೇ? ಇಪ್ಪತ್ತನಾಲ್ಕು ವರ್ಷ ಮನೆಯಲ್ಲಿ ಲೆಕ್ಕಕ್ಕಿಲ್ಲದೆ ಇದ್ದದ್ದು ಸಾಲದೆಂದು ಈಗ ಅಚ್ಚಿನಲ್ಲೂ ಲೆಕ್ಕಕ್ಕಿಲ್ಲ. ಮುಂದೆ ಇದನ್ನು ಹುಡುಗರಿಗೆ ಪಾಠಕ್ಕೆ ಇಡುತ್ತಾರೆ, ‘ಯಾರೋ’ ಎಂದರೆ ಯಾರು, ನಾಲ್ಕು ವಾಕ್ಯಗಳಲ್ಲಿ ವಿವರಿಸಿ ಎಂದು ಕೇಳುತ್ತಾರೆ, ಹುಡುಗರು ಸಾವು ಎಂದು ಬರೆದು ಪಾಸಾಗುತ್ತಾರೆ. ಆ ಪ್ರಶ್ನೆಪತ್ರಿಕೆಯ ಪ್ರೂಫೂ ಇಲ್ಲಿಗೇ ಬರಬಹುದು. "ರಾಯರೇ, ನೀವು ಊಟಕ್ಕೆ ಹೋಗಿ. ಇದನ್ನ ನಾನೊಂದ್ಸಲ ನೋಡ್ತೀನಿ" ಎಂದಳು. ರಾಯರು ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟು, ತಮ್ಮ ಊಟದ ಡಬ್ಬಿ ತೆಗೆದುಕೊಂಡು ಹೋದರು.

ಅವಳು ಪದ್ಯವನ್ನು ಓದಿದಳು. ಬೆರಳಿಡದೆ, ಪೆನ್ನು ಹಿಡಿಯದೆ, ಸುಮ್ಮನೆ ಓದಿದಳು. ಎಷ್ಟು ಕಷ್ಟವಾಯಿತೆಂದರೆ, ಕಣ್ಣು ಮತ್ತೆ ಮತ್ತೆ ಕೊಂಬು ದೀರ್ಘಗಳ ಕಡೆಗೇ ಜಾರುತ್ತಿತ್ತು, ಹಿಡಿದು ಹಿಡಿದು ತರಬೇಕಾಯಿತು. ಓದುತ್ತ ಹೋದಂತೆ ಮೈ ತಣ್ಣಗಾಯಿತು. ಶೋಕಗೀತೆ ಎಂದರೆ ಹೊಗಳಿಕೆ ಎಂದುಕೊಂಡಿದ್ದಳು, ಇದರ ತುಂಬ ಬರೀ ಬೈಗುಳ. ಹೊಗಳಿದರೆ ಮುಖ ತಿರುಗಿಸುವವನೇ, ಹೊಗಳದಿದ್ದರೆ ಮೂರು ದಿನ ಮುನಿಯುವವನೇ, ನನ್ನ ಸಾಲನ್ನು ಕದ್ದು ನನ್ನೆದುರೇ ಓದಿದವನೇ ಎಂದು ದೊಡ್ಡವರು ಸತ್ತವರನ್ನು ನಡುಬೀದಿಯಲ್ಲಿ ನಿಲ್ಲಿಸಿ ಝಾಡಿಸಿದ್ದರು. ಅಷ್ಟೂ ನಿಜ ಎನ್ನುವುದು ಬೇರೆ ಮಾತು. ಮೂರು ದಿನ ಮುನಿಯುತ್ತಿದ್ದದ್ದು ಹೌದು, ಆ ಮೂರು ದಿನ ತಟ್ಟೆ ಮುಂದಿಟ್ಟುಕೊಂಡು ಕಾದವಳಿಗೆ ಗೊತ್ತಿಲ್ಲವೇ. ಕೊನೆಯ ಆರು ಸಾಲಿಗೆ ಬಂದಳು.

ಕೊನೆಯ ಮಾತನ್ನೂ ಇನ್ನೊಬ್ಬರ ಬಾಯಲ್ಲಿ ಹೇಳಿಸಿದೆ.
ಹೇಡಿ,
ನನ್ನನ್ನು ಕಳಿಸುವುದಕ್ಕೂ ಒಂದು ಆಳು ಬೇಕಾಯಿತೇ?
ಆ ಕೆಮ್ಮಿನಲ್ಲಿ ನೀನು ಹೇಳಿದ್ದೇನು,
ಹೋಗು ಎಂದೋ, ಇರು ಎಂದೋ,
ಮೆಟ್ಟಿಲ ಮೇಲೆ ನಿಂತಿದ್ದೇನೆ ಇನ್ನೂ.

ಎರಡು ಸಲ ಓದಿದಳು. ಮೂರನೆಯ ಸಲ ಓದಲಾಗಲಿಲ್ಲ. ಪದ್ಯ ಅರ್ಥವಾಗಿತ್ತು, ಸಂಪಾದಕನಿಗೆ ಜನ್ಮದಲ್ಲಿ ಆಗದಷ್ಟು ಅರ್ಥವಾಗಿತ್ತು. ಗಂಡನೇ ಹೇಳಿಕಳಿಸಿದರು ಎಂದು ದೊಡ್ಡವರು ನಂಬಿದ್ದಾರೆ. ಮಲಗಿದಲ್ಲಿಂದಲೇ, ಅವನಿಗೆ ನಾನಿಲ್ಲ ಅನ್ನು ಎಂದು ಹೇಳಿಸಿದರು, ಆಮೇಲೆ ತಡೆಯಲಾರದೆ ಕೆಮ್ಮಿದರು ಎಂದು. ಮೊದಲ ಸಾಲಿನಿಂದ ಇಲ್ಲಿಯವರೆಗೆ ಅಷ್ಟೂ ಬೈಗುಳ ಹುಟ್ಟಿದ್ದು ಅಲ್ಲಿ, ಆ ಮೆಟ್ಟಿಲ ಮೇಲೆ. ಗಂಡ ಯಾರಿಗೂ ಏನೂ ಹೇಳಿಕಳಿಸಿರಲಿಲ್ಲ.

ಅವತ್ತು ನಾಲ್ಕು ಗಂಟೆಯ ಹೊತ್ತು, ಬಿಸಿಲು ಬಾಗಿಲಿನ ಸಂದಿಯಿಂದ ಒಳಗೆ ಚಾಚಿಕೊಂಡಿತ್ತು. ಅವಳು ಒಂದೂವರೆ ತಿಂಗಳು ರಜೆ ಹಾಕಿದ್ದಳು. ಗಂಡ ಮಂಚದ ಮೇಲೆ, ಮೂಳೆಯ ಚೀಲದಂತೆ. ಹೆಚ್ಚು ಮಾತಾಡಿಸಬೇಡಿ ಎಂದು ಡಾಕ್ಟರು ಹೇಳಿದ್ದು ನಿಜ. ಆ ಮಾತನ್ನೇ ಬಾಗಿಲಲ್ಲಿ ಹೇಳಬಹುದಿತ್ತು. ಡಾಕ್ಟರು ಬೇಡ ಎಂದಿದ್ದಾರೆ, ಎರಡೇ ನಿಮಿಷ ನೋಡಿ ಹೋಗಿ ಎನ್ನಬಹುದಿತ್ತು, ಯಾವ ಹೆಂಗಸಾದರೂ ಹಾಗೆ ಹೇಳುತ್ತಾಳೆ. ಕೋಲು ಎರಡು ಸಲ ಕುಟ್ಟಿತು. ಅವಳು ಗಂಡನ ಬಾಯಿಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದಳು, ಒರೆಸುತ್ತಿದ್ದಳು, ಗಂಡ ಅವಳ ಮಣಿಕಟ್ಟು ಹಿಡಿದುಕೊಂಡಿದ್ದರು. ಇಪ್ಪತ್ತನಾಲ್ಕು ವರ್ಷದಲ್ಲಿ ಹಾಗೆ ಹಿಡಿದುಕೊಂಡದ್ದು ಆ ಒಂದೂವರೆ ತಿಂಗಳಲ್ಲೇ. ಬಾಗಿಲು ತೆಗೆದಳು. "ಇದಾನಾ?" ಎಂದರು. ಒಳಗೆ ಬಿಟ್ಟರೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಆ ನಗು ಎದ್ದುಬರುತ್ತದೆ, ಉಳಿದಿರುವ ಉಸಿರೆಲ್ಲ ಈ ಮನುಷ್ಯನಿಗೇ ಖರ್ಚಾಗುತ್ತದೆ, ತಾನು ಹೊರಗೆ ಲೋಟ ಹಿಡಿದು ನಿಲ್ಲುತ್ತೇನೆ. ಇಷ್ಟೆಲ್ಲ ಆ ಕ್ಷಣದಲ್ಲಿ ಯೋಚಿಸಿದಳೇ ಎಂದರೆ ಇಲ್ಲ, ಬಾಯಿಗೆ ಬಂದದ್ದು "ಮನೇಲಿಲ್ಲ" ಎಂದು. ಎದ್ದು ಕೂರಲಾರದವರು ಮನೆಯಲ್ಲಿಲ್ಲವಂತೆ! ಎಂಥ ಪೆದ್ದು ಸುಳ್ಳು, ಮಗುವೂ ಹೇಳದು. ಆಗಲೇ ಒಳಗಿನಿಂದ ಕೆಮ್ಮು ಬಂತು. ದೊಡ್ಡವರು ಅವಳನ್ನು ನೋಡಿದರು, ಅವಳು ಅವರನ್ನು ನೋಡಿದಳು. "ಹೌದಾ" ಎಂದರು, ಮೆಟ್ಟಿಲಿಳಿದು ಹೋದರು. ಅವಳು ಬಾಗಿಲು ಹಾಕಿ ಒಳಗೆ ಬಂದಾಗ ಗಂಡ ಏನೋ ಕೇಳಿದರು, ಇವಳು ಏನೋ ಹೇಳಿದಳು, ಚಮಚ ಎತ್ತಿಕೊಂಡಳು. ನೆನಪು ಯಾವಾಗಲೂ ಇಲ್ಲಿಗೆ ಬಂದು ಮುಗ್ಗರಿಸುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ಹದಿನೈದು ದಿನ ನಾಲ್ಕು ಗಂಟೆಯಾಯಿತೆಂದರೆ ಗಂಡ ಬಾಗಿಲ ಕಡೆ ಕತ್ತು ಹೊರಳಿಸಿ, "ಅವನು ಬರಲಿಲ್ವಾ?" ಎನ್ನುತ್ತಿದ್ದರು. "ಇಲ್ಲ" ಎನ್ನುತ್ತಿದ್ದಳು. ಅದಕ್ಕೂ ಸಿಟ್ಟು ಬರುತ್ತಿತ್ತು. ಅವನು ಬರಲಿಲ್ಲವಾ ಎಂದು ಕೇಳುವ ಬಾಯಿ, ನೀನು ಉಂಡೆಯಾ ಎಂದು ಒಂದು ಸಲವಾದರೂ ಕೇಳಿತೇ? ಹದಿನಾರನೆಯ ದಿನ ಕೇಳಲಿಲ್ಲ.

ಈಗ ಆ ಸಿಟ್ಟನ್ನೆಲ್ಲ ಎಲ್ಲಿಡುವುದು? ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಕಾಯುತ್ತ ಅಗಲಿದರು, ಒಬ್ಬರು ಸತ್ತರು, ಒಬ್ಬರು ಪದ್ಯ ಬರೆದರು. ನಡುವೆ ನಿಂತು ಈ ಕೆಲಸ ಮಾಡಿದವಳಿಗೆ ಬೈಗುಳದಲ್ಲೂ ಪಾಲಿಲ್ಲ. ಹೇಡಿ ಎಂದರೂ ಗಂಡನಿಗೇ. ಅವಳು ಬರೀ ಆಳು. ಸುಳ್ಳು ಹೇಳುವ ಯೋಗ್ಯತೆಯೂ ತನಗಿಲ್ಲ ಎಂದುಕೊಂಡರಲ್ಲ ಈ ಮನುಷ್ಯ! ಅವಮಾನ, ನಾಚಿಕೆ, ಕೋಪ ಎಲ್ಲ ಒಟ್ಟಿಗೆ ಬಂದು, ಯಾವುದು ಯಾವುದೆಂದು ಬಿಡಿಸಲಾಗದೆ, ಅವಳು ಕೆಂಪು ಪೆನ್ನಿನ ಮುಚ್ಚಳ ತೆಗೆದಳು. ಪ್ರೂಫು ನೋಡುವವರು ಬರೆದವರ ಮಾತಿಗೆ ಕೈ ಹಾಕುವಂತಿಲ್ಲ. ಅನುಮಾನ ಬಂದರೆ ಅಂಚಿನಲ್ಲಿ ಪ್ರಶ್ನೆ ಬರೆದು, ಸುತ್ತ ಗೆರೆ ಎಳೆದು, ಬರೆದವರಿಗೇ ಕಳಿಸಬೇಕು, ಅವರು ಹೇಳಿದ್ದೇ ಕೊನೆ. ಇಪ್ಪತ್ತೆಂಟು ವರ್ಷದಲ್ಲಿ ಸಾವಿರ ಪ್ರಶ್ನೆ ಬರೆದಿದ್ದಳು, ಇಸವಿ ಸರಿಯೇ, ಊರಿನ ಹೆಸರು ಸರಿಯೇ ಎಂದು. ಈಗ ‘ಯಾರೋ’ ಎಂಬುದರ ಸುತ್ತ ಗೆರೆ ಎಳೆದು ಅಂಚಿನಲ್ಲಿ ಬರೆದಳು: ‘ಬಾಗಿಲು ತೆಗೆದದ್ದು ನಾನು. ಸುಳ್ಳು ಹೇಳಿದ್ದೂ ನಾನು. ಅವರು ಹೇಳಿಕಳಿಸಿರಲಿಲ್ಲ. ನೀವು ಬಂದದ್ದು ಅವರಿಗೆ ಗೊತ್ತೇ ಇಲ್ಲ. ತಿದ್ದಬೇಕೇ?’

ಊಟ ಮುಗಿಸಿ ಬಂದ ಗಿಳಿರಾಯರು ಅವಳ ಹೆಗಲ ಮೇಲಿಂದ ಅದನ್ನು ಓದಿದರು. ಮೊದಲ ಸಲ ಅವರು ಫುಲ್‌ಸ್ಟಾಪ್ ಹೇಳಲಿಲ್ಲ. "ಆಫೀಸಿನವರ ಕೈಲಿ ಕಳಿಸ್ಲಾ ಅಮ್ಮಾ?" ಎಂದರು.

"ಬೇಡ. ನಾನೇ ಹೋಗ್ತೀನಿ."

"ಸಂಪಾದಕರು ಕೇಳಿದ್ರೆ?"

"ಸಾವು ಪ್ರೂಫ್ ತಗೊಂಡು ಹೋಯ್ತು ಅನ್ನಿ."

ದೊಡ್ಡವರ ಮನೆ ಎರಡು ಬಸ್ಸು ಬದಲಿಸುವಷ್ಟು ದೂರ. ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು, ಲಕೋಟೆಯನ್ನು ಎದೆಗೆ ಒತ್ತಿಕೊಂಡು, ಹೇಳಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡಳು. ನೀವು ನನ್ನ ಮುಖವನ್ನು ಎಂದಾದರೂ ನೋಡಿದ್ದೀರಾ ಎಂದು ಕೇಳಬೇಕು. ಹದ್ದಿನ ಕಣ್ಣು ಯಾರದು ಗೊತ್ತೇ ಎಂದು ಕೇಳಬೇಕು. ನಿಮ್ಮ ಗೆಳೆಯನನ್ನು ನಿಮ್ಮಿಂದ ಹದಿನೈದು ದಿನ ಕಿತ್ತುಕೊಂಡೆ, ನೀವು ನನ್ನಿಂದ ಇಪ್ಪತ್ತನಾಲ್ಕು ವರ್ಷ ಕಿತ್ತುಕೊಂಡಿದ್ದಿರಿ ಎನ್ನಬೇಕು. ಅವರು ಕೂಗಾಡಬೇಕು. ಕೋಲು ಎತ್ತಿದರೆ ಎತ್ತಲಿ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಏನಾದ್ರೂ ಹೇಳಿದ್ರಾ?" ಎಂದು ಕೇಳಿದಳು. ಅಷ್ಟು ಹೊತ್ತು ತಾನು ತುಟಿ ಆಡಿಸುತ್ತಿದ್ದದ್ದು ತಿಳಿದು ಅವಳಿಗೆ ಇನ್ನೊಂದು ಸಿಟ್ಟು ಹತ್ತಿತು.

ಮೂರನೆಯ ಮಹಡಿ. ಬೆಲ್ಲು ಒತ್ತಿದಳು. ಒಳಗೆ ಕಾಲೆಳೆಯುವ ಸದ್ದು, ಬಹಳ ಹೊತ್ತು. ಬಾಗಿಲು ತೆಗೆದವರು ದೊಡ್ಡವರೇ, ಮೊದಲಿಗಿಂತ ಕುಗ್ಗಿದ್ದರು, ಒಳಂಗಿಯ ಮೇಲೊಂದು ಹಳೆಯ ಸ್ವೆಟರು. ಅವಳು ತಾನು ಇಂಥವಳು ಎಂದು ಹೇಳಲು ಬಾಯಿ ತೆರೆದಳು. "ಬನ್ನಿ ಒಳಗೆ" ಎಂದು ಅವರು ಪಕ್ಕಕ್ಕೆ ಸರಿದರು, ಎರಡನೆಯ ಮಾತಿಲ್ಲ, ಯಾರು ಎನ್ನಲಿಲ್ಲ, ಏನು ಎನ್ನಲಿಲ್ಲ. ಅಷ್ಟರಿಂದಲೇ ಅವಳು ಜೋಡಿಸಿಕೊಂಡು ಬಂದ ಅರ್ಧ ಮಾತು ಉದುರಿಹೋಯಿತು. ಕೂರಲು ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ತಾವೇ ಎತ್ತಿಟ್ಟರು. ಅವಳು ಕೂರದೆ ಲಕೋಟೆ ಚಾಚಿ, "ಪ್ರೂಫು. ಒಂದು ಪ್ರಶ್ನೆ ಇದೆ" ಎಂದಳು.

ಅವರು ಭೂತಗನ್ನಡಿ ಹಿಡಿದು ಅಂಚಿನ ಬರಹವನ್ನು ಓದಿದರು. ಭೂತಗನ್ನಡಿ ಸಾಲಿನ ಕೊನೆಯವರೆಗೆ ಹೋಯಿತು, ಮತ್ತೆ ಮೊದಲಿಗೆ ಬಂತು. ಕೆಳಗಿನ ರಸ್ತೆಯಲ್ಲಿ ಯಾವುದೋ ಗಾಡಿಯವನು ಹಾರ್ನು ಹೊಡೆಯುತ್ತಲೇ ಇದ್ದ.

"ಎಂಟು ತಿಂಗಳಿಂದ ಸತ್ತವನನ್ನ ಬೈಕೊಂಡಿದೀನಿ ನಾನು," ಎಂದರು ಕೊನೆಗೆ. ದನಿ ಏರಲಿಲ್ಲ. "ಅವತ್ತು ಅವನು ಎಚ್ಚರ ಇದ್ನಾ?"

"ಇದ್ರು."

"ಕೋಲಿನ ಸದ್ದು ಕೇಳಿಸ್ತಾ ಅವನಿಗೆ?"

"ಗೊತ್ತಿಲ್ಲ. ಕಿವಿ ಮಂದವಾಗಿತ್ತು. ಬಾಗಿಲು ಹಾಕಿದ್ದು ಕೇಳಿಸ್ತು."

"ಕೇಳಿದ್ನಾ, ಬಂದಿದ್ದು ಯಾರು ಅಂತ?"

ದೊಡ್ಡವರು ಭೂತಗನ್ನಡಿ ಕೆಳಗಿಟ್ಟು ಅವಳ ಮುಖವನ್ನೇ ನೋಡಿದರು. ಇಪ್ಪತ್ತನಾಲ್ಕು ವರ್ಷ ನೋಡಲಿಲ್ಲ ಎಂದು ಅವಳು ದೂರು ಹೊತ್ತು ತಂದ ಮುಖ.

"ಕೇಳಿದ್ರು," ಎಂದಳು.

"ನೀವೇನಂದ್ರಿ?"

ನೆನಪು ಮುಗ್ಗರಿಸುವ ಜಾಗ ಅದೇ. ಇಲ್ಲಿಯವರೆಗೆ ಬಂದು ಪ್ರತಿ ಸಲ ಚಮಚ ಎತ್ತಿಕೊಂಡುಬಿಡುತ್ತಿದ್ದಳು. ಈಗ ಎತ್ತಿಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ.

"ಯಾರೋ, ಅಂದೆ."

ಬೈಯಲಿ ಎಂದು ಕಾದಳು. ಬೈದರೆ ತಾನೂ ಬೈಯಬಹುದು, ತಂದದ್ದನ್ನೆಲ್ಲ ಸುರಿದು ಹಗುರಾಗಿ ಬಸ್ಸು ಹತ್ತಬಹುದು. ಅವರು ಮೇಜಿನಿಂದ ಪೆನ್ನು ಹುಡುಕಿಕೊಂಡು, ಪದ್ಯದ ಕೊನೆಯ ಆರು ಸಾಲಿನ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ ಎಳೆದರು. ಅವಳಿಗೆ ಮೂರನೆಯ ಸಲ ಓದಲಾಗದೆ ಹೋದ ಸಾಲುಗಳವು.

"ಅವನು ಕಳಿಸಲಿಲ್ಲ ಅಂದ್ಮೇಲೆ ಇದು ಇರಬಾರದು. ಹೇಡಿ ಅಂದುಬಿಟ್ಟಿದೀನಿ," ಎಂದರು. ಆಮೇಲೆ ಪೆನ್ನು ಮೇಲಕ್ಕೆ ಹೋಯಿತು. ಅವಳು ಗೆರೆ ಸುತ್ತಿದ್ದ ಪದದ ಕೆಳಗೆ ಒಂದು, ಎರಡು, ಮೂರು ಚುಕ್ಕೆ ಇಟ್ಟು, ಪಕ್ಕದಲ್ಲಿ ‘ಇರಲಿ’ ಎಂದು ಬರೆದರು. ಮೊದಲಿದ್ದ ಮಾತೇ ಸರಿ ಎಂದು ಹೇಳುವ ಗುರುತು ಅದು.

ಅವಳ ತಲೆಗೆ ರಕ್ತ ಏರಿತು. "ಯಾಕೆ ಇರಲಿ? ಅಷ್ಟು ತೆಗೆದ್ರಿ, ಇದೊಂದು ತೆಗೆಯೋಕೆ ಏನು ಕಷ್ಟ? ಅವನ ಹೆಂಡತಿ ಅಂತ ಬರೀರಿ. ಜನ ಉಗೀಲಿ ನನಗೆ. ನೀವೂ ಉಗೀರಿ. ನಾನೇನು ಮನುಷ್ಯಳಲ್ವಾ? ಇಷ್ಟು ವರ್ಷ ನಿಮ್ಮ ಕಣ್ಣಿಗೆ ಬೀಳಲೇ ಇಲ್ವಾ ನಾನು?"

"ಕೂಗಬೇಡಿ. ಬಿದ್ದಿದೀರಿ," ಎಂದರು ದೊಡ್ಡವರು. "ಯಾವಾಗ ಬಂದ್ರೂ ಮುಡಿಯಲ್ಲಿ ಒಂದು ಕೆಂಪು ಪೆನ್ನು ಸಿಕ್ಕಿಸ್ಕೊಂಡು ಬಾಗಿಲು ತೆಗೀತಿದ್ರಿ. ಮನೇಲೂ ಪ್ರೂಫ್ ನೋಡ್ತಿದ್ರೇನೋ. ನಾನು ಒಳಗೆ ಹೋದ್ಮೇಲೆ ನಿಮ್ಮ ಅಡುಗೆಮನೆ ರೇಡಿಯೋ ಸಣ್ಣಗಾಗ್ತಿತ್ತು, ನಮಗೆ ತೊಂದರೆ ಆಗಬಾರದು ಅಂತ. ನೂರಾ ಹನ್ನೆರಡನೇ ಪುಟದ ತಪ್ಪು ಹಿಡಿದೋರು ನೀವು ಅಂತ ಅವನು ಅವತ್ತೇ ಹೇಳಿದ್ದ. ಸಭೇಲಿ ನಿಮ್ಮ ಹೆಸರು ಹೇಳೋಕೆ ನನ್ನ ದೊಡ್ಡಸ್ತಿಕೆ ಬಿಡಲಿಲ್ಲ. ಅದು ನನ್ನ ತಪ್ಪು, ಇವತ್ತು ಒಪ್ಕೋತೀನಿ. ಅಂಥ ಹೆಂಗಸು ಬಾಗಿಲು ತೆಗೆದಿದ್ರೆ ನನ್ನ ಒಳಗೆ ಬಿಡ್ತಿದ್ರು. ಬೈದಾದ್ರೂ ಬಿಡ್ತಿದ್ರು. ಅವತ್ತು ನೀವು ತೆಗೆದಾಗ ನಿಮ್ಮ ಮುಖ ನೋಡಿದೆ. ಗುರುತು ಸಿಗಲಿಲ್ಲ. ಮನೆಗೆ ಬಂದು ಎಷ್ಟು ಹುಡುಕಿದೆ, ಬೇರೆ ಪದ ಸಿಗಲಿಲ್ಲ." ಪ್ರೂಫನ್ನು ಮಡಿಸಿ ಲಕೋಟೆಗೆ ಹಾಕಿ ಅವಳ ಕೈಗೆ ಕೊಟ್ಟರು. "ಅವತ್ತು ತೆಗೆದೋರು ಯಾರೋ. ನೀವೂ ಅವನಿಗೆ ಅದನ್ನೇ ಹೇಳಿದ್ರಲ್ಲ."

ಅವಳಿಗೆ ಬಂದ ಸಿಟ್ಟಿಗೆ ಹೆಸರಿರಲಿಲ್ಲ. ಕ್ಷಮಿಸಿದ್ದರೆ ಉಗಿಯಬಹುದಿತ್ತು, ಬೈದಿದ್ದರೆ ಸಹಿಸಬಹುದಿತ್ತು. ಈ ಮುದುಕ ಎರಡನ್ನೂ ಮಾಡದೆ, ಎಲ್ಲವನ್ನೂ ನೋಡಿದ್ದೆ ಎಂದು ಹೇಳಿ, ಅವಳ ಇಪ್ಪತ್ತನಾಲ್ಕು ವರ್ಷದ ದೂರನ್ನೇ ಕಿತ್ತುಕೊಂಡುಬಿಟ್ಟರು. ರೇಡಿಯೋ ಸಣ್ಣ ಮಾಡುತ್ತಿದ್ದದ್ದು ಅವಳ ಗಂಡನಿಗೂ ಗೊತ್ತಿರಲಿಲ್ಲ. ಹೋಗಿಬರುತ್ತೇನೆ ಎನ್ನಲಿಲ್ಲ. ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೊರಗೆ ಬಂದಳು. ಎರಡು ಮಹಡಿ ಇಳಿದು, ಮೆಟ್ಟಿಲ ಮೇಲೆಯೇ ಕೂತಳು.

ಬರೆದವರು ತಿದ್ದಿದ ಪ್ರತಿ ಜಾಗದ ಪಕ್ಕದಲ್ಲೂ ಪ್ರೂಫು ನೋಡಿದವರು ಸಹಿ ಹಾಕಬೇಕು. ಒಪ್ಪಿದೆ ಎಂದಲ್ಲ, ನೋಡಿದೆ ಎಂದು. ಸಹಿಯಿಲ್ಲದೆ ಪುಟ ಮೆಷಿನ್ನಿಗೆ ಹೋಗುವುದಿಲ್ಲ. ಗಂಟೆ ಮೂರೂವರೆ ದಾಟಿತ್ತು. ಪ್ರೂಫನ್ನು ಮೊಣಕಾಲ ಮೇಲೆ ಹರಡಿಕೊಂಡು, ಹೊಡೆದ ಆರು ಸಾಲಿನ ಪಕ್ಕದಲ್ಲಿ ಎಂದಿನಂತೆ ತನ್ನ ಚುಟುಕು ಸಹಿ ಗೀಚಿದಳು. ‘ಇರಲಿ’ ಎಂಬುದರ ಪಕ್ಕಕ್ಕೆ ಬಂದಾಗ ಕೈ ನಿಂತಿತು. ಆ ಪದ ಈಗಲೂ ಅವಳನ್ನು ಸುಡುತ್ತಿತ್ತು, ಮತ್ತು ಅದನ್ನು ತಿದ್ದಲು ಅದಕ್ಕಿಂತ ಸರಿಯಾದ ಪದ ಅವಳ ಬಳಿಯೂ ಇರಲಿಲ್ಲ. ಅಂಚಿನಲ್ಲಿ ಬರೆದದ್ದು ಯಾವುದೂ ಅಚ್ಚಾಗುವುದಿಲ್ಲ, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮೇಲಿನಿಂದ ಯಾರೋ ಇಳಿದು ಬಂದರು, ದಾರಿ ಬಿಡಿ ಎಂದರು, ಅವಳು ಸರಿಯಲಿಲ್ಲ. ಹಲ್ಲು ಕಚ್ಚಿ, ಕಾಗದ ಹರಿಯುವಷ್ಟು ಒತ್ತಿ, ಆ ಪದದ ಪಕ್ಕದಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.